ಮೂರು ಸ್ಯಾಂಪಲ್ಲಿನ ಅಮರೇಶಪ್ಪ

ಮೋಟರ್ ಸೈಕಲ್ಲಿಗೆ ನೀರಿನ ಬಾಟಲಿ ಸಿಕ್ಕಿಸುವ ಒಂದು ಹೋಲ್ಡರ್ ಕೊಳ್ಳಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಚೌಕಾಸಿಯನ್ನೂ ಸೇರಿಸಿ ಕಾಲು ಗಂಟೆ ಎನ್ನೋಣ. ಹೈದರಾಬಾದಿನ ನಾರಾಯಣಗೂಡದ ಅಮರೇಶಪ್ಪನವರು ಏಳು ವರ್ಷ ತೆಗೆದುಕೊಂಡರು, ಆದರೂ ಕೊಳ್ಳಲಿಲ್ಲ. ಎಂಟನೆಯ ವರ್ಷ ಐದೇ ನಿಮಿಷದಲ್ಲಿ ಕೊಂಡು ತಂದರು. ಅಷ್ಟರಲ್ಲಿ ಅದು ಯಾರಿಗಾಗಿ ಬೇಕಿತ್ತೋ ಅವರು ಗಾಡಿ ಹತ್ತುವುದನ್ನೇ ಬಿಟ್ಟಿದ್ದರು.

ಅಮರೇಶಪ್ಪನವರು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯವರು. ಬೇಗಂಪೇಟೆಯ ಒಂದು ಪಂಪು ಕಂಪನಿಯ ಸ್ಟೋರ್ಸಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಬಂದ ಮಾಲನ್ನು ಪರೀಕ್ಷೆ ಮಾಡಿ ಒಳಗೆ ಬಿಡುವುದು, ಇಲ್ಲವೇ ಬಾಗಿಲಿಂದಲೇ ತಿರುಗಿ ಕಳಿಸುವುದು ಅವರ ಕೆಲಸ. ಯಾವ ಸಾಮಾನಾದರೂ ಮೂರು ಕಡೆಯಿಂದ ಮೂರು ಸ್ಯಾಂಪಲ್ ತರಿಸಬೇಕು, ಮೂರನ್ನೂ ತಿಕ್ಕಿ, ತಿರುಚಿ, ನೀರಲ್ಲಿ ನೆನೆಹಾಕಿ ನೋಡಬೇಕು, ಆಮೇಲೆ ಒಂದಕ್ಕೆ ಸಹಿ ಹಾಕಬೇಕು ಎನ್ನುವುದು ಅಲ್ಲಿಯ ಕಟ್ಟಳೆ. ಕಟ್ಟಳೆ ಕಂಪನಿಯದು, ಅಮರೇಶಪ್ಪನವರು ಅದನ್ನು ಮನೆಗೂ ಹೊತ್ತು ತಂದರು. ಕುಕ್ಕರಿನ ಗ್ಯಾಸ್ಕೆಟ್ಟಿಗೆ ಮೂರು ಅಂಗಡಿ. ಕೊಡೆಗೆ ಮೂರು ಅಂಗಡಿ. ಮಗಳು ಐಶ್ವರ್ಯಾಳಿಗೆ ವರ ನೋಡುವಾಗ ಮೊದಲನೆಯ ಹುಡುಗನೇ ಎಲ್ಲರಿಗೂ ಒಪ್ಪಿಗೆಯಾಗಿದ್ದ. ಆದರೂ ಇನ್ನಿಬ್ಬರ ಮನೆಯಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು ಬಂದ ಮೇಲೆಯೇ ಅವರು ಮೊದಲನೆಯವನಿಗೆ ಹೂಂ ಅಂದದ್ದು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ಗಾದೆಯನ್ನು ಅವರು ದಿನಕ್ಕೆ ಎರಡು ಸಲವಾದರೂ ಆಡುತ್ತಿದ್ದರು.

ಹೆಂಡತಿ ಸಾವಿತ್ರಿಬಾಯಿಯ ವಿಷಯದಲ್ಲಿ ಮಾತ್ರ ಈ ನಿಯಮ ನಡೆದಿರಲಿಲ್ಲ. ತಂದೆ ಒಂದೇ ಮನೆ ತೋರಿಸಿ, ಒಂದೇ ವಾರದಲ್ಲಿ ಅಕ್ಷತೆ ಹಾಕಿಸಿಬಿಟ್ಟಿದ್ದರು. "ನಮ್ಮ ಮನ್ಯಾಗ ಸ್ಯಾಂಪಲ್ ನೋಡದ ಬಂದದ್ದು ಇಕೀ ಒಬ್ಬಾಕಿ. ರಿಜೆಕ್ಟ್ ಮಾಡೋ ಹಂಗ ಒಂದಿನಾನೂ ಆಗ್ಲಿಲ್ಲ" ಎಂದು ಅಮರೇಶಪ್ಪನವರು ಬಂದವರ ಮುಂದೆ ಹೇಳುತ್ತಿದ್ದರು. ಅವರ ಬಾಯಲ್ಲಿ ಹೆಂಡತಿಯ ಬಗ್ಗೆ ಬರುತ್ತಿದ್ದ ಹೊಗಳಿಕೆ ಅದೊಂದೇ. ಸಾವಿತ್ರಿಬಾಯಿ ಒಳಗೆ ಅಡುಗೆಮನೆಯಲ್ಲಿ ನಗುತ್ತಿದ್ದರು.

ಇಂಥವರಿಗೆ ದರ್ಜಿಗಳ ಜೊತೆ ಜಗಳ ತಪ್ಪಿದ್ದಲ್ಲ. ಅವರ ಅಂಗಿಗಳಿಗೊಂದು ವಿಚಿತ್ರ ರೋಗವಿತ್ತು. ಕಾಲರು ಸವೆಯುವ ಮೊದಲೇ, ಗುಂಡಿ ಉದುರುವ ಮೊದಲೇ, ಬಲ ಹೆಗಲಿನ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ಎಡ ಹೆಗಲು ಗಟ್ಟಿ, ಬಲ ಹೆಗಲು ಮಾತ್ರ ಬಾಯಿ ಬಿಡುವುದು. ಅಮರೇಶಪ್ಪನವರು ದಾರದ ತಪ್ಪು ಎಂದು ತೀರ್ಮಾನಿಸಿ ಮೂವರು ದರ್ಜಿಗಳನ್ನು ಬದಲಿಸಿದರು. ಮೂರನೆಯವನು ಹನುಮಂತ, ಯಾದಗಿರಿ ಕಡೆಯವನು, ಬಾಯಿ ಸ್ವಲ್ಪ ಜೋರು.

"ಸಾಹೇಬ್ರ, ಇದು ದಾರದ್ದ ತಪ್ಪಲ್ರಿ. ಯಾರೋ ಹಿಡದು ಜಗ್ಗಿದಂಗ ಐತಿ ನೋಡ್ರಿ ಇಲ್ಲಿ."

"ಐವತ್ತು ವರ್ಷದ ಮನಿಷ್ಯಾನ್ನ ಹೆಗಲಿಗೆ ಕೈ ಹಾಕಿ ಯಾರಪಾ ಜಗ್ಗತಾರ? ಡಬಲ್ ಹೊಲಿಗಿ ಹಾಕು, ಮಾತು ಕಡಿಮಿ ಮಾಡು," ಎಂದು ಅಮರೇಶಪ್ಪನವರು ಗದರಿದ್ದರು. ಹನುಮಂತ ಡಬಲ್ ಹೊಲಿಗೆ ಹಾಕಿದ. ಅದೂ ವರ್ಷದೊಳಗೆ ಬಿಟ್ಟಿತು.

ಇನ್ನು ಗಾಡಿಯ ಮಾತು. ಹೈದರಾಬಾದಿನಿಂದ ಊರ ಕಡೆ ಹೋಗಲು ಬಸ್ಸಿದೆ, ರೈಲಿದೆ. ಅಮರೇಶಪ್ಪನವರಿಗೆ ಎರಡೂ ಆಗದು. ಬಸ್ಸಿನವನು ನಿಲ್ಲಿಸಿದ ಕಡೆ ನಾವು ಇಳಿಯಬೇಕು, ಅವನು ಕುಡಿದ ಕಡೆ ನಾವು ಚಹಾ ಕುಡಿಯಬೇಕು, ಇದೆಂಥ ಗುಲಾಮಗಿರಿ ಎನ್ನುವುದು ಅವರ ತಕರಾರು. ಹಾಗಾಗಿ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಮೋಟರ್ ಸೈಕಲ್ಲೇ. ಶ್ರಾವಣದ ಮೂರನೆಯ ಸೋಮವಾರಕ್ಕಂತೂ ತಪ್ಪದೆ ಲಿಂಗಸುಗೂರಿನಾಚೆಯ ಮನೆದೇವರು ಅಮರೇಶ್ವರನ ದರ್ಶನ. ಹಿಂದಿನ ದಿನ ಬೆಳಗಿನ ಐದಕ್ಕೆ ನಾರಾಯಣಗೂಡ ಬಿಟ್ಟರೆ ಶಾದ್‌ನಗರ, ಜಡಚರ್ಲಾ, ಮಹಬೂಬನಗರ, ಮಖ್ತಲ್. ಆಮೇಲೆ ಕೃಷ್ಣಾ ಸೇತುವೆ, ಅದನ್ನು ದಾಟಿದರೆ ರಾಯಚೂರು. ಮುನ್ನೂರು ಕಿಲೋಮೀಟರು ದಾಟುವ ದಾರಿ. ಸಾವಿತ್ರಿಬಾಯಿ ಹಿಂದೆ ಸೀರೆಯುಟ್ಟು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಿದ್ದರು. ಬಲಗೈ ಗಂಡನ ಹೆಗಲ ಮೇಲೆ. ಎಡಗೈಯಲ್ಲಿ ನೀರಿನ ಬಾಟಲಿ.

ಬಾಟಲಿಯನ್ನು ಚೀಲದಲ್ಲಿ ಇಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಚೀಲವನ್ನು ಹಗ್ಗದಿಂದ ಬಿಗಿದಿರುತ್ತಿತ್ತು, ಅಮರೇಶಪ್ಪನವರಿಗೋ ಅರ್ಧ ಗಂಟೆಗೊಮ್ಮೆ ಗಂಟಲು ಒಣಗುತ್ತಿತ್ತು. ಗಾಡಿಯನ್ನು ಬದಿಗೆ ತಂದು, ಇಂಜಿನ್ನೂ ಆರಿಸದೆ, ಒಂದು ಕಾಲು ನೆಲಕ್ಕೆ ಊರಿ ಕೈಯನ್ನು ಹಿಂದಕ್ಕೆ ಚಾಚಿದರೆ ಸಾಕು. ಸಾವಿತ್ರಿಬಾಯಿ ಹಲ್ಲಿನಿಂದ ಮುಚ್ಚಳ ತಿರುಗಿಸಿ ಬಾಟಲಿಯನ್ನು ಆ ಕೈಗಿಡುತ್ತಿದ್ದರು. ಬರುವಾಗಿನ ಕಥೆ ಬೇರೆ. ಆಗ ಅದೇ ಬಾಟಲಿಯಲ್ಲಿ ಅಮರೇಶ್ವರನ ಅಭಿಷೇಕದ ನೀರು. ತೊಟ್ಟು ಬಿಚ್ಚಿದ ಬಟ್ಟೆಯ ಜೊತೆ ಅದನ್ನು ಚೀಲಕ್ಕೆ ಹಾಕುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ಮಡಿಲಲ್ಲಿ ಮಗುವಿನಂತೆ ತಂದು, ಪಕ್ಕದ ಮನೆಯ ಗದಿಗೆಮ್ಮನಿಗೆ ಒಂದು ಚಮಚ, ಮಿಯಾಪುರದ ಮಗಳ ಮನೆಗೆ ಒಂದು ಲೋಟ ಹಂಚಬೇಕು. ಹೀಗೆ ಹೋಗುವಾಗ ಗಂಡನ ನೀರು, ಬರುವಾಗ ದೇವರ ನೀರು, ಒಟ್ಟಿನಲ್ಲಿ ಆ ಎಡಗೈಗೆ ಬಿಡುವಿಲ್ಲ.

ಎರಡು ಸಾವಿರದ ಹದಿನಾರರ ಶ್ರಾವಣ. ಮಖ್ತಲ್ ಹತ್ತಿರ ಒಂದು ಬೇವಿನ ಮರದ ಕೆಳಗೆ ನಿಂತಿದ್ದಾಗ ಸಾವಿತ್ರಿಬಾಯಿ ಹೇಳಿದರು.

"ರೀ, ಬಾಟ್ಲಿ ಇಡಾಕ ಗಾಡಿಗೆ ಏನಾರ ಹಚ್ಚಸ್ರಿ. ನನ್ನ ಎಡಗೈ ಖಾಲಿ ಆಗ್ಲಿ."

"ಯಾಕ, ಭಾರ ಆಗಾಕತ್ತೈತೇನು?"

"ಭಾರ ಅಂತಲ್ಲ..." ಎಂದು ಅವರು ಏನೋ ಹೇಳಹೊರಟರು.

"ಆತು ಬಿಡು, ನೋಡೋಣಂತ," ಎಂದು ಅಮರೇಶಪ್ಪನವರು ಕಿಕ್ ಹೊಡೆದರು. ಇಂಜಿನ್ನಿನ ಸದ್ದಿನಲ್ಲಿ ಆ ಮಾತಿನ ಉಳಿದರ್ಧ ಹಾಗೇ ಉಳಿಯಿತು. ಮನುಷ್ಯ ತನ್ನ ಜನ್ಮದಲ್ಲಿ ಎಷ್ಟೋ ಪರೀಕ್ಷೆ ಮಾಡುತ್ತಾನೆ, ಹೆಂಡತಿಯ ಮಾತು ಮುಗಿಯುವ ತನಕ ನಿಲ್ಲುವ ತಾಳ್ಮೆ ಮಾತ್ರ ಇರುವುದಿಲ್ಲ.

ಊರಿಂದ ಬಂದವರೇ ಅಮರೇಶಪ್ಪನವರು ಕೋಠಿ ಹತ್ತಿರದ ಪುತ್ಲಿಬೌಲಿಗೆ ಹೋದರು. ಅಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಗಳ ಸಾಲು. ಅದರಲ್ಲೊಂದು ಸಾಬಣ್ಣನದು. ಸಾಬಣ್ಣ ಶಹಾಪುರದವನು, ಗಿರಾಕಿಗಳ ಜೊತೆ ತೆಲುಗು, ಹಿಂದಿ ಎರಡನ್ನೂ ಅರೆಯುತ್ತಿದ್ದವನು ಅಮರೇಶಪ್ಪನವರನ್ನು ಕಂಡರೆ ಕನ್ನಡಕ್ಕೆ ಇಳಿಯುತ್ತಿದ್ದ. ಅವನು ಹ್ಯಾಂಡಲ್ಲಿಗೆ ಕಚ್ಚಿಸುವ ಒಂದು ಪ್ಲಾಸ್ಟಿಕ್ ಬಳೆ ಕೊಟ್ಟ. ಅಮರೇಶಪ್ಪನವರು ಅದನ್ನು ಗಾಡಿಗೆ ಹಚ್ಚಿ, ತುಂಬಿದ ಬಾಟಲಿ ಇಟ್ಟು, ಹಿಮಾಯತನಗರದ ತನಕ ಒಂದು ಸುತ್ತು ಹಾಕಿ ಬಂದರು. ದಾರಿಯಲ್ಲಿ ಸ್ಪೀಡ್ ಬ್ರೇಕರ್ ಮೇಲೆ ಬಾಟಲಿ ಕಪ್ಪೆಯಂತೆ ನೆಗೆದು ಬಿತ್ತು.

"ಅದಕ್ಕ ಏನ್ರಿ ಸಾಹೇಬ್ರ," ಎಂದ ಸಾಬಣ್ಣ. "ಹಳೇ ಸೈಕಲ್ ಟ್ಯೂಬಿಂದು ಒಂದು ಪಟ್ಟಿ ಕೊಯ್ದು ಒಳಗ ಸುತ್ತಿದ್ರ ಕಚ್ಚಿ ಕುಂದರತೈತಿ. ಕೊಡ್ರಿ ಇಲ್ಲಿ, ಐದು ಮಿಂಟಿನ ಕೆಲಸ."

"ಟ್ಯೂಬ್ ಸುತ್ತಿ ಗಟ್ಟಿ ಮಾಡೋ ಮಾಲು ಮಾಲೇ ಅಲ್ಲ. ತಗೋ ನಿಂದು. ಬ್ಯಾರೆ ಸ್ಯಾಂಪಲ್ ಬರ್ಲಿ, ನೋಡೋಣ."

ಬೇರೆ ಸ್ಯಾಂಪಲ್ ಬರಲು ವರ್ಷ ಹಿಡಿಯಿತು. ಎರಡನೆಯದು ಉಕ್ಕಿನ ಪಂಜರ, ಗಾಡಿಯ ಮುಂದಿನ ಗಾರ್ಡಿಗೆ ಬೋಲ್ಟ್ ಹಾಕಿ ಕೂರಿಸುವಂಥದ್ದು. ಕುಣಿದಾಡಿದರೂ ಬಾಟಲಿ ಅಲ್ಲಾಡದು. ಅಮರೇಶಪ್ಪನವರು ಹಿಗ್ಗಿ ಹೆಂಡತಿಯನ್ನು ಕರೆದು ತೋರಿಸಿದರು. ಸಾವಿತ್ರಿಬಾಯಿ ನೋಡಿ, "ಹೋಗೂ ಮುಂದ ನಡೀತೈತ್ರಿ. ಬರೂ ಮುಂದ ತೀರ್ಥ ಕಾಲಾಗ ಇಡಾಕ ಬರತೈತೇನು?" ಎಂದರು. ಮಾತು ಸರಿ, ಅದು ಅಮರೇಶಪ್ಪನವರ ಪಾದದ ಪಕ್ಕದಲ್ಲೇ ಇತ್ತು. ಬಿಚ್ಚಿಸಿದರು. ಮೂರನೆಯದು ಪೆಟ್ರೋಲ್ ಟ್ಯಾಂಕಿನ ಮೇಲೆ ಹಾಸುವ ಚೀಲ, ಅದರಲ್ಲಿ ಬಾಟಲಿಗೊಂದು ಜೇಬು. ಜಡಚರ್ಲಾ ಮುಟ್ಟುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ನೀರು ಸ್ನಾನಕ್ಕೆ ಹದವಾಗಿತ್ತು. ಅದೂ ಫೇಲ್.

ಮೂರೂ ಫೇಲಾದರೆ ಕಂಪನಿಯ ಕಟ್ಟಳೆಯಂತೆ ಹೊಸ ಮೂರು. ಸಾಬಣ್ಣನಿಗೆ ಇದೊಂದು ಮೋಜು. ಅಮರೇಶಪ್ಪನವರು ಗಲ್ಲಿಯ ತುದಿಯಲ್ಲಿ ಕಾಣಿಸಿದರೆ, "ಬಂದ್ರಪಾ ಬಾಟ್ಲಿ ಸಾಹೇಬ್ರು" ಎಂದು ಚಹಾ ಹೇಳುತ್ತಿದ್ದ. ಮಗಳು ಐಶ್ವರ್ಯಾ ಫೋನಿನಲ್ಲಿ ರೇಗುತ್ತಿದ್ದಳು. "ಪಪ್ಪಾ, ಮೊಬೈಲ್‌ನಾಗ ಒತ್ತಿದ್ರ ನಾಳೆ ಮನೀ ಬಾಗಿಲಿಗೆ ಬರ್ತೈತಿ. ಒಂದು ಬಾಟ್ಲಿ ಹೋಲ್ಡರಿಗೆ ಎಷ್ಟು ಮೀನಮೇಷ ಎಣಸ್ತೀರಿ?" ಮುಟ್ಟಿ ನೋಡದ ಮಾಲನ್ನು ಮನೆಗೆ ತರಿಸುವುದಿಲ್ಲ ಎಂದು ಇವರು ಫೋನ್ ಇಡುತ್ತಿದ್ದರು. ನಡುವೆ ಎರಡು ವರ್ಷ ಕೊರೋನಾದಲ್ಲಿ ಯಾವ ದಾರಿಯೂ ಇರಲಿಲ್ಲ. ಅದು ಮುಗಿದ ಮೇಲೆ ಅಮರೇಶಪ್ಪನವರಿಗೆ ಒಂದು ಉಪಾಯ ಹೊಳೆಯಿತು: ಲೀಟರ್ ಬಾಟಲಿ ಬಿಟ್ಟು ಅರ್ಧ ಲೀಟರಿನದು ತಂದರು.

"ನೋಡು, ಅರ್ಧ ಭಾರ ಇಳೀತು. ಈಗ ಆರಾಮಾತಿಲ್ಲೋ?"

ಸಾವಿತ್ರಿಬಾಯಿ ಆ ಚಿಕ್ಕ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದರು. "ಆತ್ರಿ" ಎಂದರು. ಅಮರೇಶಪ್ಪನವರು ಆ ಒಂದು ಮಾತಿಗೆ ಸಮಾಧಾನಪಟ್ಟು ಹೋಲ್ಡರಿನ ಅವಸರವನ್ನು ಇನ್ನೂ ಒಂದು ವರ್ಷ ಮುಂದೆ ಹಾಕಿದರು. ಆ "ಆತ್ರಿ" ಎಷ್ಟು ಟೊಳ್ಳಾಗಿತ್ತೆಂದು, ಕಬ್ಬಿಣ ಬಡಿದು ಸದ್ದು ಕೇಳಿಯೇ ಒಳಗಿನ ಬಿರುಕು ಹೇಳುತ್ತಿದ್ದ ಮನುಷ್ಯನಿಗೆ ಗೊತ್ತಾಗಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಶ್ರಾವಣ. ಸೋಮವಾರ ದರ್ಶನವಾಗಿತ್ತು, ಮಂಗಳವಾರ ತಿರುಗಿ ಬರುತ್ತಿದ್ದರು. ಸೇತುವೆ ದಾಟುವಾಗ ಕೃಷ್ಣೆ ತುಂಬಿ ಹರಿಯುತ್ತಿದ್ದಳು, ಗಾಡಿ ನಿಲ್ಲಿಸಿದಾಗ ಸಾವಿತ್ರಿಬಾಯಿ ಎಂದಿನಂತೆ ಒಂದು ನಾಣ್ಯ ಎಸೆದು ಕೈ ಮುಗಿದಿದ್ದರು. ಮಖ್ತಲ್ ದಾಟಿ ಎಂಟು ಹತ್ತು ಕಿಲೋಮೀಟರಿಗೆ ಒಂದು ಸ್ಪೀಡ್ ಬ್ರೇಕರ್. ಮಳೆ ನೀರು ನಿಂತು ಅದರ ಬಿಳಿ ಪಟ್ಟಿ ಕಾಣಿಸಲಿಲ್ಲ. ಅಮರೇಶಪ್ಪನವರು ಜೋರಾಗಿ ಏನೂ ಹೋಗುತ್ತಿರಲಿಲ್ಲ. ಮುಂದಿನ ಗಾಲಿ ಹತ್ತಿ ಇಳಿಯಿತು, ಹಿಂದಿನ ಗಾಲಿ ಎತ್ತಿ ಒಗೆಯಿತು. ಹೆಗಲ ಮೇಲಿನ ಕೈ ಅಂಗಿಯನ್ನು ಬಿಗಿಯಾಗಿ ಹಿಡಿದು ಎಳೆಯಿತು, ಆಮೇಲೆ ಕೈ ಇರಲಿಲ್ಲ.

ಗಾಡಿ ನಿಲ್ಲಿಸಿ ಓಡಿ ಬಂದರು. ಸಾವಿತ್ರಿಬಾಯಿ ರಸ್ತೆಯ ಅಂಚಿನಲ್ಲಿ ಎಡ ಮಗ್ಗುಲಾಗಿ ಬಿದ್ದಿದ್ದರು. ಎಡ ಮೊಣಕೈ ಡಾಂಬರಿಗೆ ಬಡಿದಿತ್ತು, ಅದೇ ಕೈಯ ಮುಂಗೈ ಮಾತ್ರ ನೆಟ್ಟಗೆ ಮೇಲಕ್ಕಿತ್ತು, ಅದರಲ್ಲಿ ಬಾಟಲಿ. ಬೀಳುವಾಗಲೂ ಅವರು ಬಾಟಲಿ ಬಿಟ್ಟಿರಲಿಲ್ಲ. ಅಂಗೈ ಊರಿದ್ದರೆ ತರಚಿ ಹೋಗುವ ಪೆಟ್ಟು, ತೀರ್ಥ ಚೆಲ್ಲಬಾರದೆಂದು ಪೂರ್ತಿ ಮೊಣಕೈ ಮೇಲೆ ಬಿದ್ದಿತ್ತು.

ಆಗ ಅಮರೇಶಪ್ಪನವರ ಬಾಯಿಂದ ಬಂದ ಮೊದಲ ಮಾತು, "ಬುದ್ಧಿ ಐತೇನು ನಿನಗ? ಆ ಬಾಟ್ಲಿ ಒಗದು ಹಿಡಕೋಬೇಕಿಲ್ಲೇನು!"

"ತೀರ್ಥ ಐತಲ್ರಿ," ಎಂದರು ಸಾವಿತ್ರಿಬಾಯಿ. ನೋವಿಗೆ ಅವರ ತುಟಿ ಬೆಳ್ಳಗಾಗಿತ್ತು.

ಪೆಟ್ಟು ಎಲ್ಲಿ ಎಂದು ಕೇಳಲಿಲ್ಲ, ಮುಟ್ಟಿ ಎಬ್ಬಿಸಲಿಲ್ಲ, ಮೊದಲು ಗದರಿದರು. ಈ ಒಂದು ಸಂಗತಿ ಅಮರೇಶಪ್ಪನವರನ್ನು ಆಮೇಲೆ ಬಿಡಲೇ ಇಲ್ಲ. ಊಟಕ್ಕೆ ಕೂತಾಗ ನೆನಪಾಗುತ್ತಿತ್ತು, ಮುಖ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಆ ಬಾಯಿಯೇ ಕಾಣುತ್ತಿತ್ತು.

ಮಹಬೂಬನಗರದ ಆಸ್ಪತ್ರೆಯಲ್ಲಿ ಮೊಣಕೈಗೆ ಪ್ಲೇಟ್ ಹಾಕಿದರು. ನಾಲ್ಕು ತಿಂಗಳಾದ ಮೇಲೂ ಕೈ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ, ಬೆರಳುಗಳಿಗೆ ಬಿಗಿ ಬರಲಿಲ್ಲ. ಜೋಳದ ರೊಟ್ಟಿಯನ್ನು ಬಲಗೈ ಬಡಿಯುತ್ತದೆ, ಆದರೆ ತಿರುಗಿಸುತ್ತಾ ಹೋಗಲು ಎಡಗೈ ಬೇಕು. ಅವರ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಯಿತು. ಅಮರೇಶಪ್ಪನವರು ದಪ್ಪನೆಯ ಕಡೆಯನ್ನೇ ಮೊದಲು ಮುರಿದು ತಿನ್ನುತ್ತಿದ್ದರು, ಒಂದು ದಿನವೂ ತಕರಾರು ಮಾಡಲಿಲ್ಲ. ತಕರಾರು ಮಾಡದೆ ಉಣ್ಣುವ ಗಂಡನನ್ನು ನೋಡಿ ಸಾವಿತ್ರಿಬಾಯಿಗೇ ಕಸಿವಿಸಿ.

ಮುಂದಿನ ಶ್ರಾವಣ ಬಂತು. ಗಾಡಿಯ ಮೇಲೆ ಎಚ್ಚರದಿಂದ ಕೂತರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಅಮರೇಶಪ್ಪನವರಿಗೆ ದೊಡ್ಡ ಆಸೆಯಾಗಿ ಕೂತುಬಿಟ್ಟಿತು. ಸಾವಿತ್ರಿ ಇನ್ನೊಮ್ಮೆ ಹಿಂದೆ ಕೂರಬೇಕು, ಇನ್ನೊಮ್ಮೆ ಆ ಸೇತುವೆ ದಾಟಬೇಕು. ಅಷ್ಟಾದರೆ ತಾನು ಮಾಡಿದ್ದು ಮಾಫ್ ಆದಂತೆ. ಅವರಿಗೆ ಬೇರೆ ಏನೂ ಬೇಡವಾಗಿತ್ತು. ಒಂದು ಬೆಳಿಗ್ಗೆ ಚಹಾ ಕುಡಿದವರೇ ನೇರ ಪುತ್ಲಿಬೌಲಿಗೆ ಹೋದರು.

"ಬರ್ರಿ ಬಾಟ್ಲಿ ಸಾಹೇಬ್ರ," ಎಂದ ಸಾಬಣ್ಣ, "ಹೊಸಾವು ನಾಲ್ಕು ನಮೂನಿ ಬಂದಾವ. ತೋರಸ್ಲೇನು?"

"ಬ್ಯಾಡ. ಆ ಮೊದಲಿನದು, ಹ್ಯಾಂಡಲ್ಲಿಗೆ ಹಾಕೋದು, ಅದನ್ನ ಕೊಡು. ಟ್ಯೂಬಿನ ಪಟ್ಟಿ ಸುತ್ತಿ ಕೊಡು."

ಸಾಬಣ್ಣ ಅವರ ಮುಖ ನೋಡಿದ. ಕೈ ಮುರಿದ ಸುದ್ದಿ ಅವನಿಗೆ ಗೊತ್ತಿತ್ತು. ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಬಳೆಯ ಒಳಗೆ ಸುತ್ತಿ, ತಾನೇ ಹೊರಗೆ ಬಂದು ಗಾಡಿಗೆ ಹಚ್ಚಿಕೊಟ್ಟ. ಬಾಟಲಿ ಇಟ್ಟು ಅಲ್ಲಾಡಿಸಿದರು, ಕದಲಲಿಲ್ಲ. ಬರುವ ದಾರಿಯಲ್ಲಿ, ಅಂದು ಬಾಟಲಿ ನೆಗೆದು ಬಿದ್ದಿದ್ದ ಅದೇ ಸ್ಪೀಡ್ ಬ್ರೇಕರ್ ಮೇಲೆ ಎರಡು ಸಲ ಹತ್ತಿಸಿ ಇಳಿಸಿದರು, ಆಗಲೂ ಕದಲಲಿಲ್ಲ. ಐದು ನಿಮಿಷದ ಕೆಲಸ ಎಂದು ಸಾಬಣ್ಣ ಅಂದೇ ಹೇಳಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಸುಳ್ಳಲ್ಲ. ಹ್ಯಾಂಡಲ್ಲಿನ ಮೇಲಿದ್ದ ಬಾಟಲಿಯನ್ನು ನೋಡುತ್ತಾ ಬಂದ ಅಮರೇಶಪ್ಪನವರಿಗೆ ದಾರಿಯುದ್ದಕ್ಕೂ ತಮ್ಮ ಮೇಲೆಯೇ ಸಿಟ್ಟು ಉಕ್ಕುತ್ತಿತ್ತು.

ಕಂಪೌಂಡಿನಲ್ಲಿ ಗಾಡಿ ನಿಲ್ಲಿಸಿದಾಗ ಪಕ್ಕದ ಮನೆಯ ಗದಿಗೆಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ದೇವದುರ್ಗದ ಮುದುಕಿ. ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲೇ ಇಲ್ಲದವಳು. ಹೋಲ್ಡರ್ ಕಂಡಳು, ಸಾವಿತ್ರಿಬಾಯಿಯನ್ನು ಕೂಗಿ ಕರೆದಳು.

"ಬಾ ಯವ್ವಾ, ನಿನ್ನ ಗಂಡ ತಂದಾನ ನೋಡು ಬಾ! ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ."

ಸಾವಿತ್ರಿಬಾಯಿ ನಗುತ್ತಲೇ ಹೊರಗೆ ಬಂದರು. ಬಲಗೈಯಿಂದ ಬಾಟಲಿಯನ್ನು ಎಳೆದು ನೋಡಿದರು, ಮತ್ತೆ ಒಳಗೆ ತಳ್ಳಿದರು. ಅಮರೇಶಪ್ಪನವರು ಪಕ್ಕದಲ್ಲಿ ನಿಂತಿದ್ದರು, ಜೀವನದಲ್ಲಿ ಮೊದಲ ಸಲ ತಮ್ಮ ಮಾಲು ಪಾಸಾಗಲೆಂದು ಕಾಯುತ್ತಾ.

"ಭಾಳ ಛಲೋ ಐತ್ರಿ," ಎಂದರು ಸಾವಿತ್ರಿಬಾಯಿ.

"ಹಂಗಾರ ಈ ಸೋಮವಾರಕ್ಕ ಹೋಗೂಣಲ್ಲ? ಸಾವಕಾಶ ಹೋಗೂಣ. ಹತ್ತು ಕಡೆ ನಿಂದ್ರೂಣ."

"ಐಶು ಕಾರ್ ತರ್ತಾಳಂತ. ನಾ ಅದ್ರಾಗ ಬರ್ತೀನಿ."

"ಯಾಕ? ಡಾಕ್ಟರ್ ಹೂಂ ಅಂದಾರ. ಬಾಟ್ಲಿ ಇನ್ನ ನಿನ್ನ ಕೈಯಾಗ ಇರಂಗಿಲ್ಲ. ಎಡಗೈ ಖಾಲಿ ಆತಲ್ಲ, ನೀನ ಕೇಳಿದ್ದಿ."

ಸಾವಿತ್ರಿಬಾಯಿ ಎಡಗೈಯನ್ನು ಗಾಡಿಯ ಸೀಟಿನ ಹಿಂದಿನ ಕಂಬಿಯ ಮೇಲಿಟ್ಟರು. ಬೆರಳುಗಳು ಕಂಬಿಯ ಸುತ್ತ ಅರ್ಧ ಬಾಗಿ ಅಲ್ಲಿಗೇ ನಿಂತವು.

"ಖಾಲಿ ಆತ್ರಿ. ಆದ್ರ ಹಿಡಿಯಾಕ ಬರಂಗಿಲ್ಲ."

"ಏನು ಹಿಡಿಯಾಕ?"

"ಈ ಕಂಬಿ. ಇದನ್ನ ಹಿಡಕೊಳ್ಳಾಕ ಅಂತನ ಕೈ ಖಾಲಿ ಬೇಕು ಅಂದಿದ್ದೆ. ಬಾಟ್ಲಿ ಭಾರ ಅಂತ ನಾ ಎಂದ ಅಂದೀನ್ರಿ? ಒಂದ ಕಡೆ ಕಾಲು ಬಿಟ್ಟು ಕುಂತಿರತೀನಿ, ಒಂದು ಕೈ ನಿಮ್ಮ ಹೆಗಲ ಮ್ಯಾಲ, ಒಂದು ಕೈಯಾಗ ಬಾಟ್ಲಿ. ಬಾಜೂಕ ಲಾರಿ ಹಾದ್ರ ಜೀವ ಬಾಯಿಗೆ ಬರ್ತಿತ್ತು."

ಅಮರೇಶಪ್ಪನವರು ಆ ಕಂಬಿಯನ್ನೇ ನೋಡಿದರು. "ಅಂಜಿಕಿ ಆಗ್ತೈತಿ ಅಂತ ಒಂದ ಮಾತು ಬಾಯಿ ಬಿಟ್ಟು ಹೇಳಬಾರದೇನ?"

"ಹೇಳಿದ್ರ ನನ್ನ ಬಸ್ಸಿಗೆ ಹತ್ತಿಸಿ ನೀವೊಬ್ರೇ ಗಾಡಿ ಮ್ಯಾಲ ಹೋಗ್ತಿದ್ರಿ. ನನಗ ಹೋಗೋದು ಬೇಕಿತ್ರಿ. ವರ್ಷಾನುಗಟ್ಲೆ ಈ ಎರಡು ಖೋಲಿ. ಆ ಬ್ರಿಜ್ ಮ್ಯಾಲ ಹೊಳಿ ಗಾಳಿ ಮಾರಿಗೆ ಬಡದಾಗ ಎಷ್ಟು ಹಗುರ ಆಗ್ತಿತ್ತು ಗೊತ್ತೇನು?" ಅವರ ದನಿಯಲ್ಲಿ ದೂರು ಇರಲಿಲ್ಲ, ಅದೇ ಅಮರೇಶಪ್ಪನವರಿಗೆ ತಡೆಯಲಾಗದೆ ಹೋಯಿತು. "ಹಂಗ ನೋಡಿದ್ರ ನಾ ಹೇಳೇ ಇದ್ನಲ್ರಿ. ಒಂದೊಂದು ಹಂಪ್ ಬಂದಾಗೂ ನಿಮ್ಮ ಹೆಗಲು ಹಿಂಡಿ ಹಿಡೀತಿದ್ದೆ. ಉಗುರು ನಟ್ಟಿರಬೇಕು. ಅಷ್ಟು ವರ್ಷ. ನಿಮಗ ತಿಳೀತಿರಲಿಲ್ಲೇನು?"

ಗದಿಗೆಮ್ಮ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಆ ಹೊತ್ತಿಗೆ ಗಾದೆ ಹೊಳೆಯಲಿಲ್ಲ.

ತಿಳಿಯದೆ ಏನು. ಆ ಹಿಡಿತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನ ತಂಪಿನಲ್ಲಿ, ಖಾಲಿ ರಸ್ತೆಯಲ್ಲಿ, ಹೆಗಲ ಮೇಲೆ ಆ ಕೈ ಬಿಗಿಯಾದಾಗೆಲ್ಲ ಅವರು ಅದನ್ನು ಸಲಿಗೆ ಎಂದುಕೊಂಡಿದ್ದರು. ಮನೆಯಲ್ಲಿ ಎಂದೂ ಕೈ ಹಿಡಿಯದ ಹೆಂಡತಿ ದಾರಿಯಲ್ಲಾದರೂ ಹಿಡಿಯುತ್ತಾಳೆ ಎಂದು ಒಳಗೊಳಗೇ ಬೀಗಿ, ಮೀಸೆಯಲ್ಲೇ ನಕ್ಕು, ಆಕ್ಸಿಲರೇಟರ್ ಇನ್ನೂ ಸ್ವಲ್ಪ ತಿರುವುತ್ತಿದ್ದರು. ಹೆಂಡತಿ ಹೆದರಿದಷ್ಟೂ ಇವರು ಗಾಡಿಯನ್ನು ಜೋರು ಮಾಡಿದ್ದರು. ಅದನ್ನು ಈಗ ಯಾರ ಮುಂದೆ ಹೇಳುವುದು?

ಒಳಗೆ ಹೋಗಿ ಟ್ರಂಕು ತೆರೆದರು. ಸೋಮವಾರಕ್ಕೆ ತೊಡುವ ಅಂಗಿ ತೆಗೆಯಲು ಎಂದು ತಮಗೆ ತಾವೇ ಹೇಳಿಕೊಂಡರು. ಮೇಲಿದ್ದವು ಹಳೆಯ ಅಂಗಿಗಳು. ನೀಲಿ ಗೆರೆಯದು, ಬಲ ಹೆಗಲಿಗೆ ಡಬಲ್ ಹೊಲಿಗೆ, ಅದರ ಮೇಲೆ ಇನ್ನೊಂದು ಹೊಲಿಗೆ. ಬಿಳಿಯದು, ಬಲ ಹೆಗಲಿಗೆ ಒಳಗಿಂದ ಬಟ್ಟೆ ಕೊಟ್ಟು ಹೊಲಿದದ್ದು. ಬೂದು ಬಣ್ಣದ್ದು, ಹೋದ ವರ್ಷ ಬಿದ್ದ ದಿನ ಹಾಕಿದ್ದುದು, ಹೊಲಿಗೆಯೇನು, ಬಟ್ಟೆಯೇ ಒಂದು ಗೇಣು ಹರಿದಿತ್ತು. ಅದನ್ನು ದರ್ಜಿಗೆ ಕೊಡಲು ಮನಸ್ಸಾಗದೆ ಹಾಗೇ ಮಡಚಿಟ್ಟಿದ್ದರು. ಯಾರೋ ಹಿಡಿದು ಜಗ್ಗಿದ ಹಾಗಿದೆ ಎಂದು ಹನುಮಂತ ಬಾಯಿ ಬಿಟ್ಟು ಹೇಳಿದ್ದ. ಅವನನ್ನೂ ಗದರಿದ್ದಾಗಿತ್ತು. ಮೂವತ್ತೆರಡು ವರ್ಷ ಬಿರುಕು ಹುಡುಕಿದ ಕಣ್ಣು ಈ ಒಂದು ಹರಕಿನ ಕಾರಣ ಹುಡುಕಲು ಮೂವರು ದರ್ಜಿಗಳ ಮನೆ ತಿರುಗಿತೇ ಹೊರತು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

"ಯಾವ ಅಂಗಿ ಹಾಕ್ಕೋತೀರಿ? ಇಸ್ತ್ರಿ ಮಾಡಿಸ್ತೀನಿ, ಕೊಡ್ರಿ," ಎಂದು ಸಾವಿತ್ರಿಬಾಯಿ ಬಾಗಿಲಲ್ಲಿ ನಿಂತು ಕೇಳಿದರು.

ಅಮರೇಶಪ್ಪನವರು ತಳದಿಂದ ಇನ್ನೊಂದು ಅಂಗಿ ತೆಗೆದರು. ಹೋದ ದೀಪಾವಳಿಗೆ ಹೊಲಿಸಿದ್ದು. ಒಂಬತ್ತು ತಿಂಗಳು ಪೇಟೆಗೆ, ಬ್ಯಾಂಕಿಗೆ, ಮಗಳ ಮನೆಗೆ, ಎಲ್ಲ ಕಡೆ ಅದೇ ಗಾಡಿಯ ಮೇಲೆ ಒಬ್ಬರೇ ಹಾಕಿಕೊಂಡು ಹೋಗಿದ್ದರು. ಕಾಲರು ಆಗಲೇ ಸವೆದಿತ್ತು, ಕೆಳಗಿನ ಒಂದು ಗುಂಡಿ ಉದುರಿತ್ತು. ಬಲ ಹೆಗಲಿನ ಹೊಲಿಗೆಯನ್ನು ಎರಡೂ ಹೆಬ್ಬೆರಳಲ್ಲಿ ಹಿಡಿದು, ಸ್ಟೋರ್ಸಿನಲ್ಲಿ ಮಾಲು ನೋಡುತ್ತಿದ್ದಂತೆ, ಬೆಳಕಿಗೆ ಹಿಡಿದು ಜಗ್ಗಿ ನೋಡಿದರು. ಒಂದು ಎಳೆಯೂ ಬಿಟ್ಟಿರಲಿಲ್ಲ.